ತೌಡಿಗೆ ಕೊಂಡ ಮಗ

ನಿಂಬರ್ಗಾದಲ್ಲಿ ಆ ವರ್ಷ ತೊಗರಿ ರಾಶಿ ಮುಗಿದಿತ್ತು. ಹೊಲದಲ್ಲಿ ಕೆಲಸವಿಲ್ಲದ ಹೊತ್ತು ನೋಡಿಯೇ ಪ್ರಶ್ನೆ ಕೇಳುವವರು ಬಂದರು. ಗುಲಬರ್ಗಾದ ಜೀಪು ಚಾವಡಿಯ ಮುಂದೆ ನಿಂತಿತು, ಅದರಿಂದ ಒಬ್ಬ ಹೆಣ್ಣುಮಗಳು ಬಗಲಲ್ಲಿ ಕಾಗದದ ಕಟ್ಟು ಅವಚಿಕೊಂಡು ಇಳಿದಳು. ಶಾರದಾಬಾಯಿ ಎಂದು ಹೆಸರು, ಜೇವರ್ಗಿ ಕಡೆಯವಳು. ಕೂಸುಗಳು ಯಾಕೆ ಸಾಯುತ್ತವೆ ಎಂದು ತಿಳಿಯುವ ಸಂಶೋಧನೆಯಂತೆ. ಪ್ರಶ್ನೆಗಳನ್ನು ಬರೆದವಳೂ ಅವಳೇ. ಆದರೆ ಬರೆದದ್ದನ್ನು ಹಾಗೇ ಅಚ್ಚು ಹಾಕಿಸುವಂತಿರಲಿಲ್ಲ. ಮೊದಲು ಒಂದು ಊರಲ್ಲಿ ಕೇಳಿ ನೋಡಬೇಕು, ಜನ ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬೇರೆ ತಿಳಿಯುತ್ತಾರೆ ಎಂದು ನೋಡಿ ತಿದ್ದಬೇಕು, ಆಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆಲ್ಲ ಒಯ್ಯಬೇಕು. ಹೊಸ ಗಡಿಗೆ ತಂದವರು ಮೊದಲು ನೀರು ತುಂಬಿಟ್ಟು ಸೋರುತ್ತದೋ ಇಲ್ಲವೋ ನೋಡುತ್ತಾರಲ್ಲ, ಹಾಗೆ. ನೀರು ತುಂಬಿ ನೋಡುವ ಪಾಳಿ ನಿಂಬರ್ಗಾಕ್ಕೆ ಬಂತು.

ಶಾರದಾಬಾಯಿಗೆ ಕೆಲವು ಕಟ್ಟಳೆಗಳಿದ್ದವು. ಕಾಗದದಲ್ಲಿ ಇದ್ದಂತೆ ಕೇಳಬೇಕು. ಉತ್ತರವನ್ನು ಬಾಯಿಗೆ ತುರುಕಬಾರದು. ಕೇಳಿಸಿಕೊಂಡವರಿಗೆ ತಿಳಿಯದಿದ್ದರೆ ಅದೇ ಮಾತನ್ನು ಇನ್ನೊಮ್ಮೆ ಓದಬೇಕೇ ಹೊರತು ತನ್ನದೊಂದು ಮಾತು ಸೇರಿಸಬಾರದು. ಹೆತ್ತ ಸಂಗತಿಗೆ ಹೆತ್ತವಳೇ ಉತ್ತರ ಕೊಡಬೇಕು, ಗಂಡನೋ ನೆರೆಯವರೋ ಹೇಳಿದ್ದು ನಡೆಯದು. ಊರವರಿಗೆ ಇಸವಿ ನೆನಪಿರುವುದಿಲ್ಲ ಎಂದು ಬೇರೆ ಒಂದು ಹಾಳೆಯನ್ನೂ ಮಾಡಿಕೊಂಡು ಬಂದಿದ್ದಳು. ರಜಾಕಾರರ ಗದ್ದಲ, ದೊಡ್ಡ ಬರ, ಬರದ ಕಾಮಗಾರಿಯಲ್ಲಿ ಕೆರೆ ಕಟ್ಟಿದ್ದು, ಶಾಲೆಗೆ ಹೆಂಚು ಹೊದಿಸಿದ್ದು ಎಂದು ಅದರಲ್ಲಿ ಸಾಲಾಗಿ ಬರೆದಿತ್ತು. ಮದುವೆ ಯಾವುದಕ್ಕಿಂತ ಹಿಂದೆ, ಸಾವು ಯಾವುದಕ್ಕಿಂತ ಮುಂದೆ ಎಂದು ಕೇಳಿದರೆ ಇಸವಿ ತಾನಾಗಿ ಸಿಗುತ್ತಿತ್ತು.

ಅವಳು ಗುರಮ್ಮನ ಮನೆಗೆ ಬಂದಾಗ ಗುರಮ್ಮ ಪಡಸಾಲೆಯಲ್ಲಿ ಬೀಸುಕಲ್ಲಿನ ಮುಂದೆ ಕೂತು ಬೇಳೆ ಒಡೆಯುತ್ತಿದ್ದಳು. ಗಂಡ ಚಂದ್ರಾಮಪ್ಪ ಆಳಂದದ ಸಂತೆಗೆ ಹೋಗಿದ್ದ.

"ಬರ್ರಿ, ಕೂಡ್ರಿ. ಕೈ ನಡಿಲಿ, ನಿಮ್ಮ ಮಾತೂ ನಡಿಲಿ," ಅಂದಳು ಗುರಮ್ಮ.

ಕಲ್ಲು ತಿರುಗುತ್ತಲೇ ಇತ್ತು. ಮದುವೆ ಯಾವಾಗ, ನೀರು ಎಲ್ಲಿಂದ ತರುತ್ತೀರಿ, ಹೆರಿಗೆ ಮಾಡಿಸುವವರು ಯಾರು. ಗುರಮ್ಮ ಒಂದೊಂದಕ್ಕೂ ಹೇಳುತ್ತಾ ಹೋದಳು.

"ಜೀವಂತ ಹುಟ್ಟಿ ತೀರಿಹೋದ ಮಕ್ಕಳು ಎಷ್ಟು?"

"ಮೂರ್ರಿ. ಮೊದಲಿಂದು ಹೆಣ್ಣು, ತೊಟ್ಟಲಕ ಹಾಕೂದ್ರಾಗ ಹೋತು. ಎರಡನೇದು ಗಂಡು, ಅಂಬೆಗಾಲ ಇಡತಿತ್ತು. ವಾಂತಿ ಭೇದಿ. ಮೂರನೇದಕ್ಕ ಹೆಸರ ಇಟ್ಟಿದ್ದಿಲ್ಲ."

ಇಷ್ಟನ್ನೂ ಅವಳು ಸಂತೆಯಲ್ಲಿ ಏನೇನು ತರಬೇಕು ಎಂದು ಗಂಡನಿಗೆ ಹೇಳುವ ದನಿಯಲ್ಲೇ ಹೇಳಿದಳು. ಬರೆಯುತ್ತಿದ್ದ ಶಾರದಾಬಾಯಿಯ ಕೈಯೇ ನಿಂತಿತು. ಗುರಮ್ಮನ ಕೈ ನಿಲ್ಲಲಿಲ್ಲ. ಬಹಳ ಹೊತ್ತು ಮಡಿಚಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದೆ, ಚಿವುಟಿದರೂ ತಿಳಿಯುವುದಿಲ್ಲ. ಮೂರನೆಯದನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ ಗುರಮ್ಮನ ಎದೆಗೆ ಅಂಥ ಜೋಮು ಹಿಡಿದಿತ್ತು. ಕಾಲಿನದಾದರೆ ಎದ್ದು ನಡೆದರೆ ಬಿಡುತ್ತದೆ. ಇದು ಬಿಟ್ಟಿರಲಿಲ್ಲ.

"ಈಗ ಜೀವಂತ ಇರುವ ನಿಮ್ಮ ಮಕ್ಕಳು ಎಷ್ಟು?"

ಕಲ್ಲು ಒಂದು ಸುತ್ತು ಹಾಕಿತು.

"ಇಲ್ರಿ."

ಆ ಹೊತ್ತಿಗೇ ಹಿತ್ತಲ ಬಾಗಿಲಿನಿಂದ ಆರೇಳು ವರ್ಷದ ಹುಡುಗ ಮೈತುಂಬ ಧೂಳು ಮಾಡಿಕೊಂಡು ಓಡಿ ಬಂದ. ನೇರ ಒಲೆಯ ಹತ್ತಿರ ಹೋಗಿ ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡು, "ಅತ್ತೀ, ಶೇಂಗಾ ಹಿಂಡಿ ಎಲ್ಲಿಟ್ಟೀ?" ಅಂದ.

"ನೆಲುವಿನ ಮ್ಯಾಲ ಅದ. ಕೈ ತೊಳಕೋ ಮೊದಲ."

"ತೊಳದೇನಿ."

"ಯಾವಾಗ, ಹ್ವಾದ ದೀಪಾವಳಿಗಾ?"

ಹುಡುಗ ನಕ್ಕು, ರೊಟ್ಟಿ ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡು ಬಂದ ದಾರಿಯಲ್ಲೇ ಹೋದ. ಶಾರದಾಬಾಯಿ ಅವನು ಹೋದ ಕಡೆ ನೋಡಿ, "ಇಂವ ಯಾರ್ರಿ?" ಅಂದಳು. ಅದು ಕಾಗದದಲ್ಲಿ ಇದ್ದ ಪ್ರಶ್ನೆಯಲ್ಲ.

"ಪೀರು. ಬಾಜೂ ಮನಿ ವಜೀರವ್ವನ ಮಗ," ಅಂದಳು ಗುರಮ್ಮ.

ಹೇಳಿದ್ದು ಸುಳ್ಳೂ ಅಲ್ಲ. ಪೀರುವನ್ನು ಹೆತ್ತವಳು ಗುರಮ್ಮ. ಮಗನಾದದ್ದು ಕೇರಿ ವಜೀರವ್ವ ಎಂದು ಕರೆಯುವ ವಜೀರುನ್ನಿಸಾಳಿಗೆ. ಮೂರು ಕೂಸು ಹೋದ ಮೇಲೆ ನಾಲ್ಕನೆಯದು ಹೊಟ್ಟೆಯಲ್ಲಿ ನಿಂತಾಗಲೇ ಕೇರಿಯ ಹಿರಿಯ ಹೆಂಗಸರು ಮಾತಾಡಿಕೊಂಡಿದ್ದರು. ಹುಟ್ಟಿದ ಕೂಡಲೇ ತಾಯಿಯ ಮೊಲೆಗೆ ಹಚ್ಚುವ ಮೊದಲೇ ಕೂಸನ್ನು ಮೊರದಲ್ಲಿಟ್ಟು ಹಿತ್ತಲ ಬಾಗಿಲಿನಿಂದ ಹೊರಗೆ ಕೊಟ್ಟರು. ಹೊರಗೆ ವಜೀರುನ್ನಿಸಾ ನಿಂತಿದ್ದಳು. ಕೌದಿ ಹೊಲಿದು ಬದುಕುವ ವಿಧವೆ, ಗಂಡ ರಾಜೇಸಾಬ ಟಾಂಗಾ ಹೊಡೆಯುತ್ತಿದ್ದವನು ಹೋಗಿ ಆಗಲೇ ಕೆಲವು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಅವಳು ಕೂಸನ್ನು ಎತ್ತಿಕೊಂಡು, ಒಳಗೆ ಬಂದು, ಬಾಣಂತಿಯ ಉಡಿಗೆ ಕೂಸಿನ ಬೆಲೆಯೆಂದು ಬೊಗಸೆ ತುಂಬ ಜೋಳದ ತೌಡು ಹಾಕಿದ್ದಳು.

"ಗುರಮ್ಮ, ತೌಡು ಮುಟ್ಟಿತಾ?"

"ಮುಟ್ಟಿತು."

"ಕೂಸು ನಂದು. ನಿಂಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಹೌದಿಲ್ಲೋ?"

"ಹೌದು."

"ಮತ್ತ ನನ್ನ ಎದಿಯಾಗ ಹಾಲಿಲ್ಲ. ನನ್ನ ಕೂಸಿಗಿ ಜರಾ ಹಾಲು ಕುಡಸ್ತೀಯೇನ?"

"ಕುಡಸ್ತೇನಿ," ಅಂದಿದ್ದಳು ಗುರಮ್ಮ.

ಮೂರು ಕೂಸುಗಳನ್ನು ಒಯ್ದದ್ದು ಯಾವುದೋ, ಅದು ಗುರಮ್ಮನ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ. ಕಿವಿ ಹಚ್ಚಿ ಕೂತಿರುತ್ತದೆ. ಗುರಮ್ಮ 'ನನ್ನ ಮಗ' ಅಂದಳೋ, ಎದ್ದು ಬರುತ್ತದೆ. ವಜೀರುನ್ನಿಸಾಳ ಮಕ್ಕಳ ಗೊಡವೆ ಅದಕ್ಕಿಲ್ಲ. ಹಾಗಾಗಿ ಹುಡುಗನಿಗೆ ಮೀಸೆ ಮೂಡುವ ತನಕ ತಂದೆಯಾಗಲಿ ತಾಯಿಯಾಗಲಿ ನಮ್ಮವನು ಅನ್ನಬಾರದು, ಊರವರೂ ಅನ್ನಬಾರದು. ಊರಿಗೆಲ್ಲ ಗೊತ್ತಿತ್ತು, ಊರಲ್ಲಿ ಯಾರೂ ಅಂದಿರಲಿಲ್ಲ. ಪೀರು ಉಂಡದ್ದು ಗುರಮ್ಮನ ಒಲೆಯ ರೊಟ್ಟಿ, ಮಲಗುತ್ತಿದ್ದದ್ದು ವಜೀರುನ್ನಿಸಾಳ ಕೌದಿಯಲ್ಲಿ. ಅವಳನ್ನು ಅಮ್ಮಾ ಅನ್ನುತ್ತಿದ್ದ, ಇವಳನ್ನು ಅತ್ತಿ. ಗುರಮ್ಮ ಅವನ ತಲೆಗೆ ಎಣ್ಣೆ ಹಚ್ಚುವಾಗಲೂ ನೆರೆಮನೆಯ ಹುಡುಗನಿಗೆ ಹಚ್ಚಿದಷ್ಟೇ ಹಚ್ಚುತ್ತಿದ್ದಳು, ಒಂದು ತೊಟ್ಟು ಹೆಚ್ಚಿಲ್ಲ. ವರ್ಷಗಳು ಹೋದಂತೆ ಅದಕ್ಕೆ ಪ್ರಯತ್ನವೂ ಬೇಕಾಗುತ್ತಿರಲಿಲ್ಲ. ಎದೆ ಜೋಮು ಹಿಡಿದದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು.

ಶಾರದಾಬಾಯಿ ಅಲ್ಲಿಂದೆದ್ದು ಬಾಜೂ ಮನೆಗೆ ಹೋದಳು. ವಜೀರುನ್ನಿಸಾ ಕೌದಿಗೆ ಸೂಜಿ ಹಾಕುತ್ತಲೇ ಎಲ್ಲದಕ್ಕೂ ಹೇಳಿದಳು. ಗಂಡ ತೀರಿದ್ದು ದೊಡ್ಡ ಬರದ ಹಿಂದಿನ ವರ್ಷ. ಮಕ್ಕಳು? ಒಬ್ಬ, ಪೀರು. ಯಾವಾಗಿನವನು? ಬರ ಹೋಗಿ ಕೆರೆ ತುಂಬಿದ ವರ್ಷದವನು. ಶಾರದಾಬಾಯಿ ಬರೆದುಕೊಂಡಳು. ಸಂಜೆಯೊಳಗೆ ಮುಗಿಸಬೇಕಾದ ಮನೆಗಳು ಇನ್ನೂ ಇದ್ದವು. ಅಂದು ಅವಳು ಹಿಂದಿನ ಸಾಲನ್ನೂ ಮುಂದಿನ ಸಾಲನ್ನೂ ಕೂಡಿಸಿ ನೋಡಲಿಲ್ಲ.

ನೋಡಿದವನು ಜಗದೇವಪ್ಪ. ತುಂಬಿದ ಕಾಗದಗಳನ್ನು ಆಳಂದದಲ್ಲಿ ಕೂತು ತಪಾಸು ಮಾಡುವುದು, ಒಂದು ಉತ್ತರಕ್ಕೂ ಇನ್ನೊಂದಕ್ಕೂ ತಾಳೆಯಾಗದಿದ್ದರೆ ಊರಿಗೆ ಬಂದು ಕೇಳಿ ತಿದ್ದುವುದು ಅವನ ಕೆಲಸ. ಕೆಲವು ದಿನ ಕಳೆದು ಜೀಪು ಶಾರದಾಬಾಯಿಯನ್ನೂ ಅವನನ್ನೂ ಕರೆದುಕೊಂಡು ಮತ್ತೆ ಬಂತು. ಚಾವಡಿಯಲ್ಲಿ ಮೇಜು ಹಾಕಿಸಿಕೊಂಡು ಕೂತ ಅವನು ಕೆಂಪು ಗೆರೆ ಹಾಕಿದ ಕಾಗದಗಳ ಮನೆಯವರನ್ನೆಲ್ಲ ಕರೆಸಿದ. ವಜೀರುನ್ನಿಸಾಳಿಗೂ ಕರೆ ಬಂತು. ಒಬ್ಬಳೇ ಹೋಗುವುದು ಬೇಡ ಎಂದು ಗುರಮ್ಮ ಜೊತೆಗೆ ಹೋದಳು. ಚಂದ್ರಾಮಪ್ಪ ಮೊದಲೇ ಅಲ್ಲಿ ಗಂಡಸರ ನಡುವೆ ಕಟ್ಟೆಯ ಮೇಲೆ ಕೂತಿದ್ದ.

ಜಗದೇವಪ್ಪ ಕೆಟ್ಟವನೇನಲ್ಲ. ಬೆಳಗಿನಿಂದ ಕೂತು ಬೇಸತ್ತಿದ್ದ.

"ನಿಮ್ಮ ಯಜಮಾನ್ರು ತೀರಿದ್ದು ಬರದ ಹಿಂದಿನ ವರ್ಷ ಅಂತ ಬರಸೀರಿ. ಖರೇ ಏನು?"

"ಖರೇ ಅದರಿ ಸಾಹೇಬ್ರ," ಅಂದಳು ವಜೀರುನ್ನಿಸಾ.

"ಮತ್ತ ಮಗ ಹುಟ್ಟಿದ್ದು ಬರ ಹೋದ ಮ್ಯಾಲ ಅಂತ ಅದ."

"ಹೌದ್ರಿ."

"ಎರಡ್ರಾಗ ಒಂದು ತಪ್ಪು ಅದ. ಯಾವುದು ಹೇಳ್ರಿ, ತಿದ್ದತೇನಿ."

ವಜೀರುನ್ನಿಸಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಎರಡೂ ಖರೇನ ಅದಾವ್ರಿ."

"ಅದು ಹೆಂಗ? ಹ್ವಾದಾಂವ ತಿರುಗಿ ಬಂದು ಹ್ವಾದನೇನು?"

ಜೀಪಿನ ಡ್ರೈವರ್ ಬಾಗಿಲಲ್ಲಿ ನಿಂತಿದ್ದವನು ನಕ್ಕ. ಊರವರು ಯಾರೂ ನಗಲಿಲ್ಲ. ಅಲ್ಲಿದ್ದ ಒಬ್ಬೊಬ್ಬರ ನಾಲಿಗೆಯ ತುದಿಯಲ್ಲೂ ಉತ್ತರವಿತ್ತು, ಒಬ್ಬೊಬ್ಬರೂ ಅದನ್ನು ನುಂಗಿಕೊಂಡು ಕೂತರು. ಅಂದುಬಿಟ್ಟು, ನಾಳೆ ಹುಡುಗನಿಗೆ ಹೆಚ್ಚುಕಡಿಮೆ ಆದರೆ ಅದು ತನ್ನ ತಲೆಗೆ ಬರುತ್ತದೆ. ಚಂದ್ರಾಮಪ್ಪ ತನ್ನ ಕಾಲ ಬೆರಳು ನೋಡುತ್ತಿದ್ದ.

ಶಾರದಾಬಾಯಿ ಮೆಲ್ಲಗೆ, "ಸರ್, ಇದನ್ನ ಮಂದಿ ನಡುವ ಕೇಳಬಾರದ್ರಿ. ಅವರ ಮನ್ಯಾಗ ಹೋಗಿ ನಾ ಕೇಳತೇನಿ," ಅಂದಳು.

"ಮನ್ಯಾಗ ಹೋಗಿ ಕೇಳೇ ನೀವು ಇದನ್ನ ತಂದೀರಿ," ಅಂದ ಜಗದೇವಪ್ಪ. ಮತ್ತೆ ವಜೀರುನ್ನಿಸಾಳ ಕಡೆ ತಿರುಗಿದ. "ನೋಡ್ರಿ ಅಮ್ಮಾ, ನನಗ ನಿಮ್ಮ ಮನಿ ಸಂಗತಿ ಬ್ಯಾಡ. ಕಾಗದ ತಾಳೆ ಆಗಬೇಕು. ಗಂಡ ತೀರಿದ ಮ್ಯಾಲ ಹುಟ್ಟಿದ ಮಗ ಅಂತ ಬರೀಲೇನು?"

ವಜೀರುನ್ನಿಸಾ ಒಮ್ಮೆ ಗುರಮ್ಮನ ಕಡೆ ನೋಡಿದಳು. ಕೌದಿಯ ಸೂಜಿ ಬೆರಳಿಗೆ ಚುಚ್ಚಿದಾಗ ಮಾಡುವಷ್ಟೇ ಮುಖ ಮಾಡಿದಳು.

"ಬರೀರಿ," ಅಂದಳು.

ಗುರಮ್ಮ ನೋಡುತ್ತಾ ನಿಂತಿದ್ದಳು. ಈ ವಜೀರವ್ವ ಹೊಸ ಸೀರೆಯುಟ್ಟು ಹೊರಗೆ ಬಂದವಳಲ್ಲ, ಗಂಡಸರ ಎದುರು ದನಿ ಎತ್ತಿದವಳಲ್ಲ. ಈಗ ಅವಳ ಹೆಸರಿನ ಮುಂದೆ ಆ ಮಾತು ಬಿದ್ದು, ಆ ಕಾಗದ ಗುಲಬರ್ಗಾಕ್ಕೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೋ. ಓದಿದವರು ಏನಂದುಕೊಳ್ಳುತ್ತಾರೆ ಎಂಬುದು ಡ್ರೈವರನ ನಗೆಯಲ್ಲೇ ಇತ್ತು. ಬಿಟ್ಟರೆ ಒಂದು ನಿಮಿಷದಲ್ಲಿ ಬರೆದು ಮುಗಿಯುತ್ತದೆ, ಪೀರು ಉಳಿಯುತ್ತಾನೆ. ತಡೆದರೆ ಪೀರುವಿನ ಮೇಲಿನ ಮುಸುಕು ತೆಗೆದಂತೆ. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಜಗದೇವಪ್ಪ ಪೆನ್ನಿನ ಟೊಪ್ಪಿಗೆ ತೆಗೆಯುವುದನ್ನು ನೋಡಿದಳು.

"ಬರೀಬ್ಯಾಡ್ರಿ," ಅಂದಳು.

"ಯಾರು ನೀವು?"

"ಗುರಮ್ಮ. ಚಂದ್ರಾಮಪ್ಪನ ಹೇಣ್ತಿ. ಆ ಹುಡುಗ ನನ್ನ ಮಗ. ನಾ ಹಡದೇನಿ."

ಕಟ್ಟೆಯ ಮೇಲೆ ಯಾರೋ ಶಿವಾ ಎಂದರು. ಚಂದ್ರಾಮಪ್ಪ ತಲೆ ಎತ್ತಿದ, ಮತ್ತೆ ಬಗ್ಗಿಸಿದ. ವಜೀರುನ್ನಿಸಾ ಗುರಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಮಾತು ಹೊರಬಿದ್ದಿತ್ತು.

ಏಳು ವರ್ಷ ಕಟ್ಟಿಟ್ಟ ಮಾತು ಅದು. ಅಂದ ದಿನ ಭೂಮಿ ಬಿರಿಯುತ್ತದೆ, ಇಲ್ಲವೇ ಎದೆ ಒಡೆಯುತ್ತದೆ ಎಂದು ಗುರಮ್ಮ ತಿಳಿದಿದ್ದಳು. ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಊರಿದಂತಾಯಿತು. ಊರಿದ್ದೇನೋ ಹೌದು, ನೆಲ ತಾಗಲಿಲ್ಲ. ಜಗದೇವಪ್ಪನಿಗೆ ತೌಡಿನ ಸಂಗತಿಯನ್ನು ಅವಳೇ ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಕೇಳಿದ. ಕೇಳಿ ಆದ ಮೇಲೆ ಯಾರ ಮುಖವನ್ನೂ ನೋಡದೆ ಎರಡೂ ಕಾಗದ ತಿದ್ದಿದ. ವಜೀರುನ್ನಿಸಾಳಿಗೆ ಮಕ್ಕಳಿಲ್ಲ, ಗುರಮ್ಮನಿಗೆ ಒಂದು. ತಾಳೆಯಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಬಾವಿಯ ಹತ್ತಿರ ಬಂದ ಮೇಲೆ ವಜೀರುನ್ನಿಸಾ ಹಲ್ಲು ಕಚ್ಚಿ, "ಯಾಕ ಅಂದಿ ಬೇ?" ಅಂದಳು. "ನಾ ಬರೀರಿ ಅಂದಿದ್ನಿಲ್ಲ? ಬರಕೊಂಡು ಹೋಗ್ತಿದ್ದ. ನಾಕು ದಿನ ಯಾರರೆ ನಗ್ತಿದ್ರು. ಬಸ್. ನನ್ನ ಹೆಸರ ಇಟಗೊಂಡು ಉಪ್ಪಿನಕಾಯಿ ಹಾಕೋದದೇನು?"

"ನಿನ್ನ ಹೆಸರಿಂದಾನ ಅಂವ ಬದುಕ್ಯಾನ," ಅಂದಳು ಗುರಮ್ಮ. "ಅದನ್ನ ಹೊಲಸ ಮಾಡಿ ಅಂವನ್ನ ಎಲ್ಲಿ ಬಚ್ಚಿಡಲಿ?"

ವಜೀರುನ್ನಿಸಾ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಕೇರಿಯ ಬಾಯಿಗೆ ಬಂದಾಗ ಪೀರು ಎಮ್ಮೆಯ ಬಾಲ ಹಿಡಿದು ಓಡುತ್ತಿದ್ದ. ಇಬ್ಬರೂ ಅಲ್ಲೇ ನಿಂತು ಅವನನ್ನು ನೋಡಿದರು, ಕೆಮ್ಮುತ್ತಾನೋ, ಕುಂಟುತ್ತಾನೋ ಎಂದು. ಅವನಿಗೆ ಏನೂ ಆಗಿರಲಿಲ್ಲ.

"ಅದು ಕೇಳಿರ್ತದೇನ?" ಅಂದಳು ಗುರಮ್ಮ.

"ಚಾವಡ್ಯಾಗ ಎಲ್ಲಿ ಬರ್ತದ, ಅಲ್ಲಿ ಬೀಡಿ ಹೊಗಿ," ಅಂದಳು ವಜೀರುನ್ನಿಸಾ. ಸ್ವಲ್ಪ ತಡೆದು, "ಮೊರ ತಗೊಂಡ್ ಬಾ. ಮತ್ತೊಮ್ಮಿ ಕೊಳ್ತೇನಿ," ಅಂದಳು.

ಮಾರನೆಯ ಬೆಳಿಗ್ಗೆ ಅದನ್ನೂ ಮಾಡಿದರು. ಪೀರು ಮೊರದಲ್ಲಿ ಹಿಡಿಸಲಿಲ್ಲ. ಮೊಣಕಾಲು ಮಡಿಚಿ ಕೂತರೂ ಪಾದ ಹೊರಗೆ, ಬೆನ್ನು ಹೊರಗೆ.

"ಮೊರ ಮುರಿತದ ಅತ್ತಿ. ಆಮ್ಯಾಲ ನನಗ ಬೈಬ್ಯಾಡ."

"ಬಾಯಿ ಮುಚ್ಚಿ ಕೂಡು ಲೇ. ಮಾರೋ ಮಾಲು ಮಾತಾಡಬಾರದು," ಅಂದಳು ವಜೀರುನ್ನಿಸಾ ಹಿತ್ತಲಿನಿಂದ.

ಎತ್ತುವುದಂತೂ ಆಗದು. ಗುರಮ್ಮನೂ ಚಂದ್ರಾಮಪ್ಪನೂ ಎರಡು ಕಡೆ ಹಿಡಿದು ಮೊರವನ್ನು ಹೊಸ್ತಿಲಿನ ಮೇಲಿಂದ ಎಳೆದರು. ಹುಡುಗ ಬಂಡಿಯಲ್ಲಿ ಕೂತವನಂತೆ ಹುರ್ ಹುರ್ ಎಂದು ಎತ್ತು ಹೊಡೆದ. ಚಂದ್ರಾಮಪ್ಪನ ಮುಖದಲ್ಲಿ ಒಂದು ನಗೆ ಬಂದು ಹೋಯಿತು. ವಜೀರುನ್ನಿಸಾ ಉಡಿಗೆ ತೌಡು ಹಾಕಿದಳು.

"ತೌಡು ಮುಟ್ಟಿತಾ?"

"ಮುಟ್ಟಿತು."

"ಯಾರ ಮಗ?"

"ನಿನ್ನ ಮಗ," ಅಂದಳು ಗುರಮ್ಮ. ಮೊರದ ಸಿಬಿರು ಹೆಬ್ಬೆರಳಿಗೆ ಹೊಕ್ಕಿತ್ತು. ಅದು ತಿಳಿದದ್ದು ಆಮೇಲೆ, ಮಧ್ಯಾಹ್ನ ರೊಟ್ಟಿ ಬಡಿಯುವಾಗ.

ಜೋಳದ ತೆನೆ ಕಡಿಯುವ ಹೊತ್ತಿಗೆ ಶಾರದಾಬಾಯಿ ಒಬ್ಬಳೇ ಬಸ್ಸಿಳಿದು ಬಂದಳು. ಜಗದೇವಪ್ಪ ತಿದ್ದಿದ್ದು ತಾಳೆಯಾಗಿತ್ತು, ಅವಳಿಗೆ ಮಾತ್ರ ಸಮಾಧಾನ ಆಗಿರಲಿಲ್ಲ. ಅಫಜಲಪುರ, ಜೇವರ್ಗಿಯ ಊರುಗಳಲ್ಲಿಯೂ ಹೀಗೆ ತೌಡಿಗೆ, ನುಚ್ಚಿಗೆ ಕೊಟ್ಟ ಕೂಸುಗಳಿರುತ್ತವೆ, ಅಲ್ಲಿಯ ತಾಯಂದಿರೂ ಇಲ್ಲ ಅನ್ನುತ್ತಾರೆ. ಅವಳ ತಾಯಿಯೇ ಅವಳ ಅಣ್ಣನನ್ನು ಹಾಗೆ ಯಾರಿಗೋ ಕೊಟ್ಟಿದ್ದಳಂತೆ. ತನ್ನೂರಿಗೆ ಹೋಗಿ ಕೇಳಿದಾಗಲೇ ತಿಳಿಯಿತಂತೆ. ಅದಕ್ಕೆ ಪ್ರಶ್ನೆಯನ್ನು ಬೇರೆ ಬರೆದಿದ್ದಳು. ಬರೆದದ್ದು ಸೋರುತ್ತದೋ ಎಂದು ಮೊದಲು ಗುರಮ್ಮನ ಹತ್ತಿರವೇ ತಂದಿದ್ದಳು.

ಗುರಮ್ಮ ಅದೇ ಬೀಸುಕಲ್ಲಿನ ಮುಂದೆ ಕೂತಿದ್ದಳು. ಹಿತ್ತಲಲ್ಲಿ ವಜೀರುನ್ನಿಸಾ ಪೀರುವಿಗೆ ಯಾವುದಕ್ಕೋ ಬೈಯುತ್ತಿದ್ದಳು, ಅವನು ಎದುರು ಮಾತಾಡುತ್ತಿದ್ದ.

"ಚಾವಡ್ಯಾಗ ಆದದ್ದಕ್ಕ..." ಅಂದಳು ಶಾರದಾಬಾಯಿ.

"ಅದು ಇರ್ಲಿ. ಕೇಳೂದು ಕೇಳ್ರಿ."

ಶಾರದಾಬಾಯಿ ಕಾಗದ ಬಿಡಿಸಿ ಓದಿದಳು. "ನೀವು ಹಡೆದು, ಇನ್ನೊಬ್ಬರ ಉಡಿಗೆ ಕೊಟ್ಟ ಕೂಸು ಇದೆಯೇ? ಇದ್ದರೆ, ಅದು ಅವರ ಮನೆಯಲ್ಲಿ ಚೆನ್ನಾಗಿದೆಯೇ?"

ಗುರಮ್ಮ ಕಲ್ಲಿನ ಗೂಟದಿಂದ ಕೈ ತೆಗೆದಳು. ಇದರಲ್ಲಿ ಎಲ್ಲಿಯೂ ನಿಮ್ಮ ಮಗ ಎಂದು ಇರಲಿಲ್ಲ. ಕಿವಿ ಹಚ್ಚಿ ಕೂತಿರುವುದು ಕೇಳಿಸಿಕೊಂಡರೂ ಎದ್ದು ಬರುವಂಥದ್ದೇನೂ ಇರಲಿಲ್ಲ.

"ಅದಾನ್ರಿ, ಒಬ್ಬಾಂವ," ಅಂದಳು. "ಛಲೋ ಅದಾನ."

ಶಾರದಾಬಾಯಿ ಬರೆದುಕೊಂಡು ಕಾಗದ ಮಡಿಚತೊಡಗಿದಳು.

"ಬಾಯಾರ, ಇನ್ನೊಮ್ಮಿ ಕೇಳ್ರಿ," ಅಂದಳು ಗುರಮ್ಮ.

"ಯಾಕ್ರಿ, ತಿಳೀಲಿಲ್ಲೇನು?"

"ಕೇಳ್ರಿ."

ತಿಳಿಯದಿದ್ದರೆ ಅದೇ ಮಾತನ್ನು ಇನ್ನೊಮ್ಮೆ ಓದಬೇಕು, ತನ್ನದೊಂದು ಮಾತು ಸೇರಿಸಬಾರದು. ಶಾರದಾಬಾಯಿ ಮತ್ತೆ ಕಾಗದ ಬಿಡಿಸಿ, 'ನೀವು ಹಡೆದು' ಎಂಬಲ್ಲಿಂದ ಓದಿದಳು. ಗುರಮ್ಮ ಎರಡೂ ಕೈಯನ್ನು ಉಡಿಯಲ್ಲಿಟ್ಟುಕೊಂಡು ಕೇಳುತ್ತಾ ಕೂತಳು.